ಒರಸದ ಹಲಗೆಯ ಮೇಲೆ ಲೆಕ್ಕ

ಭೌತಶಾಸ್ತ್ರದ ಪ್ರಯೋಗಶಾಲೆಗೆ ಹೊಸದಾಗಿ ಬರುವ ವಿದ್ಯಾರ್ಥಿಯ ಕೈಗೆ ಸ್ಕ್ರೂಗೇಜನ್ನು ಕೊಟ್ಟು ನಾವು ಹೇಳುವ ಮೊದಲನೆಯ ಮಾತು ಒಂದೇ: ತಂತಿಯನ್ನು ಇಡುವುದಕ್ಕೆ ಮುಂಚೆ ಬರಿಯ ಉಪಕರಣದ ಶೂನ್ಯವನ್ನು ನೋಡಿಕೋ. ಮುಂದಿನ ತರಗತಿಗಳಲ್ಲಿ ಈ ಮಾತು ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತದೆ. ಕಬ್ಬಿಣದ ಕಾಂತೀಕರಣವನ್ನು ಅಳೆಯುವ ಹಿಸ್ಟೆರಿಸಿಸ್ ಪ್ರಯೋಗವನ್ನೇ ತೆಗೆದುಕೊಳ್ಳಬಹುದು. ಕಬ್ಬಿಣವು ನೆನಪುಳ್ಳ ಪದಾರ್ಥ. ಹಿಂದಿನ ತಂಡದವರು ತನಗೆ ಎಷ್ಟು ವಿದ್ಯುತ್ತನ್ನು ಯಾವ ದಿಕ್ಕಿನಲ್ಲಿ ಹಾಯಿಸಿ ಹೋದರೆಂಬುದನ್ನು ಅದು ಮರೆತಿರುವುದಿಲ್ಲ. ಆದುದರಿಂದ ಪ್ರಯೋಗಕ್ಕೆ ಮೊದಲು ಪರ್ಯಾಯ ವಿದ್ಯುತ್ತನ್ನು ಹಾಯಿಸಿ, ಅದನ್ನು ಮೆಲ್ಲಮೆಲ್ಲನೆ ಸೊನ್ನೆಗೆ ಇಳಿಸಿ, ಆ ಹಳೆಯ ನೆನಪನ್ನು ಅಳಿಸತಕ್ಕದ್ದು. ಹಾಗೆ ಮಾಡದವನ ಅಂಕಿಗಳು ಎಷ್ಟೇ ನಯವಾದ ವಕ್ರರೇಖೆಯ ಮೇಲೆ ಬಿದ್ದರೂ ಅವು ಅವನ ಪ್ರಯೋಗದ ಅಂಕಿಗಳಲ್ಲ; ಇನ್ನೊಬ್ಬನ ಪ್ರಯೋಗದ ಶೇಷವೂ ಅವುಗಳಲ್ಲಿ ಕಲೆತಿರುತ್ತದೆ.

ವರ್ಷ ವರ್ಷವೂ ಇದನ್ನು ಬೋಧಿಸುವ ನಾವೇ ಕಂಪ್ಯೂಟರಿನ ಮುಂದೆ ಕುಳಿತಾಗ ಇದನ್ನು ಮರೆತೆವು. ಮರೆತದ್ದರ ಫಲವಾಗಿ ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿಯಲ್ಲಿ ಇರಲಾಗದ ಸಂಖ್ಯೆಯೊಂದು ಬಂದು ಕುಳಿತಿತು. ಪ್ರೋಗ್ರಾಂ ಬರೆಯುವವರಲ್ಲಿ ಬಹಳ ಮಂದಿ ಇಂದು ಇದೇ ತಪ್ಪನ್ನು ಮಾಡುತ್ತಿದ್ದಾರೆಂಬುದೂ, ಅದಕ್ಕೆ ಪರಿಹಾರವೆಂದು ಪ್ರಚಾರದಲ್ಲಿರುವ ಒಂದು ಸಾಲಿನ ಉಪಾಯವು ರೋಗವನ್ನು ಗುಣಪಡಿಸದೆ ರೋಗಿಯ ಬಾಯನ್ನು ಮಾತ್ರ ಕಟ್ಟುತ್ತದೆಂಬುದೂ ನಮ್ಮ ಅಭಿಪ್ರಾಯ. ನಮ್ಮ ತರುಣ ವಾಚಕರಲ್ಲಿ ಅನೇಕರು ಕಾಲೇಜಿನಲ್ಲಿಯೋ ಮನೆಯಲ್ಲಿಯೋ ಪ್ರೋಗ್ರಾಂ ಬರೆಯುವವರಾದ್ದರಿಂದ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇವೆ. ಬರೆಯದವರಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇವೆ.

ನಮ್ಮ ವಿಭಾಗದಲ್ಲಿ ಪ್ರಾಯೋಗಿಕ ದಾಖಲೆ ಪುಸ್ತಕಗಳ ಅಂಕಗಳನ್ನು ಮೊದಲು ಉದ್ದನೆಯ ಲೆಡ್ಜರಿನಲ್ಲಿ ಬರೆಯುತ್ತಿದ್ದೆವು. ಕಳೆದ ವರ್ಷ ಕೊನೆಯ ವರ್ಷದ ಬಿ.ಎಸ್‌ಸಿ. ತರಗತಿಯ ಮೂವರು ವಿದ್ಯಾರ್ಥಿಗಳು ಇದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆಯುತ್ತೇವೆಂದು ಮುಂದೆ ಬಂದರು. ನಾವೂ ಅವರೊಡನೆ ಕುಳಿತೆವು. ಅವರು ಆರಿಸಿಕೊಂಡ ಸಾಧನಗಳು ಈಗ ಎಲ್ಲೆಡೆಯೂ ಬಳಕೆಯಲ್ಲಿರುವಂಥವೇ. ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಮುಗಳನ್ನು ಬ್ರೌಸರಿನ ಹೊರಗೆ ಓಡಿಸುವ ನೋಡ್ ಎಂಬ ವ್ಯವಸ್ಥೆ ಒಂದು. ಇದನ್ನು 2009ರಲ್ಲಿ ರಯಾನ್ ಡಾಲ್ ಎಂಬವರು ಹೊರತಂದರು. ಅದೇ ವರ್ಷ ಹೊರಬಂದ ಮೊಂಗೋಡಿಬಿ ಎಂಬ ಡೇಟಾಬೇಸ್ ಇನ್ನೊಂದು. ಇವೆರಡರ ನಡುವೆ ನಿಂತು ಮಧ್ಯಸ್ಥಿಕೆ ಮಾಡುವುದು ಮೊಂಗೂಸ್ ಎಂಬ ಪ್ರೋಗ್ರಾಂ ಸಂಗ್ರಹ. ಮೊಂಗೂಸ್ ಎಂದರೆ ನಮ್ಮ ಮುಂಗುಸಿಯೇ. ಆ ಇಂಗ್ಲಿಷ್ ಪದವು ಮರಾಠಿಯ ಮುಂಗೂಸ್ ಮೊದಲಾದ ನಮ್ಮ ನೆರೆಯ ಮಾತುಗಳಿಂದಲೇ ಆ ಭಾಷೆಗೆ ಹೋದದ್ದು. ಈಗ ಪ್ರೋಗ್ರಾಮಿನ ಹೆಸರಾಗಿ ತವರಿಗೆ ಮರಳಿದೆ.

ಈ ಮಧ್ಯಸ್ಥನ ಕೆಲಸವೇನು? ಮೊಂಗೋಡಿಬಿಯು ತನ್ನಷ್ಟಕ್ಕೆ ಬಹಳ ಉದಾರಿ. ಕೊಟ್ಟದ್ದನ್ನೆಲ್ಲ ಬಹುಮಟ್ಟಿಗೆ ಹಾಗೆಯೇ ಇಟ್ಟುಕೊಳ್ಳುತ್ತದೆ. ಅಂಕದ ಜಾಗದಲ್ಲಿ "ಗೈರುಹಾಜರು" ಎಂಬ ಅಕ್ಷರಗಳನ್ನು ಕೊಟ್ಟರೂ, ಋಣಸಂಖ್ಯೆಯನ್ನು ಕೊಟ್ಟರೂ ಬೇಡವೆನ್ನದು. ಆದುದರಿಂದ ಬರೆಯುವವನು ಮೊಂಗೂಸಿಗೆ ಮೊದಲೇ ಒಂದು ನಕ್ಷೆಯನ್ನು ಕೊಡುತ್ತಾನೆ: ವಿದ್ಯಾರ್ಥಿಯ ಕ್ರಮಸಂಖ್ಯೆ ಇರಲೇಬೇಕು, ಅಂಕವು ಸಂಖ್ಯೆಯಾಗಿರಬೇಕು, ಅದು 0ಗಿಂತ ಕಡಮೆಯಾಗಬಾರದು, 20ನ್ನು ಮೀರಬಾರದು. ಈ ನಕ್ಷೆಗೆ ಸ್ಕೀಮಾ ಎಂದು ಹೆಸರು. ನಕ್ಷೆಗೆ ಒಂದು ಹೆಸರನ್ನಿಟ್ಟು, ಉದಾಹರಣೆಗೆ "ದಾಖಲೆ" ಎಂದು ಕರೆದು, ಮೊಂಗೂಸಿನಲ್ಲಿ ನೋಂದಾಯಿಸಿದರೆ ಮಾಡೆಲ್ ಸಿದ್ಧವಾಗುತ್ತದೆ. ಪ್ರೋಗ್ರಾಮಿನ ಉಳಿದ ಭಾಗಗಳೆಲ್ಲ ಆ ಮಾಡೆಲ್ ಮೂಲಕವೇ ಡೇಟಾಬೇಸಿನೊಡನೆ ವ್ಯವಹರಿಸುತ್ತವೆ. ಮೊಂಗೂಸನ್ನು ಕಾಲೇಜಿನ ಕಚೇರಿಯ ಗುಮಾಸ್ತನೆಂದೂ, ಅದರ ನೆನಪಿನಲ್ಲಿರುವ ಮಾಡೆಲ್‌ಗಳ ಪಟ್ಟಿಯನ್ನು ಅವನ ಮೇಜಿನ ಮೇಲಿನ ರಿಜಿಸ್ಟರೆಂದೂ ಭಾವಿಸಿದರೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಆ ರಿಜಿಸ್ಟರಿನಲ್ಲಿ ಒಂದು ಹೆಸರಿಗೆ ಒಂದೇ ಸಾಲು.

ಇನ್ನು ಪರೀಕ್ಷೆಗಳ ವಿಷಯ. ಪ್ರೋಗ್ರಾಂ ಸರಿಯೇ ತಪ್ಪೇ ಎಂಬುದನ್ನು ಕಣ್ಣಿನಿಂದ ಓದಿ ನಿರ್ಧರಿಸುವುದು ಕಷ್ಟ. ಆದುದರಿಂದ ಅದನ್ನು ಪರೀಕ್ಷಿಸುವ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ಜೊತೆಗೇ ಬರೆಯುವುದು ವಾಡಿಕೆ. "21 ಅಂಕವನ್ನು ಕೊಟ್ಟು ನೋಡು, ಮಾಡೆಲ್ ಅದನ್ನು ನಿರಾಕರಿಸಿದರೆ ಉತ್ತೀರ್ಣ, ಒಪ್ಪಿದರೆ ಅನುತ್ತೀರ್ಣ" ಎಂಬುದು ಅಂಥದೊಂದು ಪರೀಕ್ಷೆ. ನಮ್ಮ ಹುಡುಗರು ಇಂಥ 14 ಪರೀಕ್ಷೆಗಳನ್ನು ಬರೆದಿದ್ದರು. ಇವನ್ನು ಓಡಿಸುವ ಮೋಕಾ ಎಂಬ ಸಾಧನಕ್ಕೆ ಕಾವಲು ಕಾಯುವ ಗುಣವೂ ಉಂಟು. ಒಮ್ಮೆ ಹಾಗೆಂದು ಹೇಳಿ ಬಿಟ್ಟರೆ ಅದು ಫೈಲುಗಳನ್ನು ನೋಡುತ್ತಲೇ ಇರುತ್ತದೆ. ನೀವು ಒಂದಕ್ಷರ ತಿದ್ದಿ ಉಳಿಸಿದ ಕೂಡಲೆ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಓಡಿಸಿ, ಹಸುರು ಅಥವಾ ಕೆಂಪು ಗುರುತನ್ನು ತೋರಿಸುತ್ತದೆ. ಬಹಳ ಅನುಕೂಲವಾದ ಏರ್ಪಾಡು. ಇಂಥ ಪರಿಚಾರಕ ನಮ್ಮ ಪ್ರಯೋಗಶಾಲೆಗೂ ಒಬ್ಬ ಸಿಕ್ಕಿದ್ದರೆ ಎಂದು ನಮಗೆ ಅನ್ನಿಸಿದ್ದುಂಟು.

ತೊಡಕು ಹುಟ್ಟಿದ್ದು ಇಲ್ಲಿಯೇ. ಕಾವಲನ್ನು ಆರಂಭಿಸಿದಾಗ ಮೊದಲ ಸಲ 14 ಪರೀಕ್ಷೆಗಳೂ ಹಸುರಾದುವು. ಒಂದು ಅಲ್ಪವಿರಾಮವನ್ನು ತಿದ್ದಿ ಉಳಿಸಿದೆವು. ಎರಡನೆಯ ಸಲ ಒಂದು ಪರೀಕ್ಷೆಯೂ ನಡೆಯಲಿಲ್ಲ. ಓವರ್‌ರೈಟ್ ಮಾಡೆಲ್ ಎರರ್ ಎಂಬ ದೂರು ತೆರೆಯ ಮೇಲೆ ಮೂಡಿತು. "ದಾಖಲೆ" ಎಂಬ ಮಾಡೆಲ್ ಒಮ್ಮೆ ಸಿದ್ಧವಾದ ಮೇಲೆ ಅದರ ಮೇಲೆ ಮತ್ತೊಂದನ್ನು ಬರೆಯಲಾಗದು ಎಂಬುದು ಅದರ ತಾತ್ಪರ್ಯ. ಒಬ್ಬ ವಿದ್ಯಾರ್ಥಿ, "ಸಾರ್, ನಾವು ಮತ್ತೊಂದನ್ನು ಎಲ್ಲಿ ಬರೆದೆವು? ಇರುವುದು ಒಂದೇ ಅಲ್ಲವೆ?" ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ.

ಕಾರಣ ಹೀಗಿದೆ. ನೋಡ್ ವ್ಯವಸ್ಥೆಯು ಒಂದು ಫೈಲನ್ನು ಮೊದಲ ಸಲ ಓದಿ ನಡೆಸಿದ ಮೇಲೆ ಅದರ ಫಲವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೆ ಯಾರಾದರೂ ಅದೇ ಫೈಲನ್ನು ಕೇಳಿದರೆ ಆ ನೆನಪಿನಿಂದಲೇ ಕೊಡುತ್ತದೆ. ಕಾವಲು ಕಾಯುವ ಮೋಕಾ ಪರೀಕ್ಷೆಗಳನ್ನು ಮರಳಿ ಓಡಿಸುವಾಗ ಇಡೀ ಪ್ರೋಗ್ರಾಮನ್ನು ನಿಲ್ಲಿಸಿ ಹೊಸದಾಗಿ ಆರಂಭಿಸುವುದಿಲ್ಲ. ತಾನು ಕಾಯುತ್ತಿರುವ ಫೈಲುಗಳ, ಎಂದರೆ ನಾವು ಬರೆದ ಫೈಲುಗಳ ನೆನಪನ್ನು ಮಾತ್ರ ಅಳಿಸಿ ಅವನ್ನು ಮತ್ತೆ ಓದಿಸುತ್ತದೆ. ಹೊರಗಿನಿಂದ ತಂದ ಮೊಂಗೂಸ್ ಮೊದಲಾದ ಸಂಗ್ರಹಗಳು ಅದರ ಕಾವಲಿಗೆ ಒಳಪಟ್ಟಿಲ್ಲವಾಗಿ ಅವುಗಳ ನೆನಪು ಹಾಗೆಯೇ ಉಳಿಯುತ್ತದೆ. ಅರ್ಜಿದಾರನನ್ನು ಬದಲಾಯಿಸಿದೆವು, ಗುಮಾಸ್ತನೂ ಅವನ ರಿಜಿಸ್ಟರೂ ಹಳೆಯವೇ. ಹೊಸ ಅರ್ಜಿದಾರ ಬಂದು "ದಾಖಲೆ ಎಂಬ ಮಾಡೆಲ್ ಬರೆದುಕೊಳ್ಳಿ" ಎಂದರೆ, ಗುಮಾಸ್ತ "ಆ ಹೆಸರು ಆಗಲೇ ಇದೆಯಲ್ಲ" ಎಂದು ಕಡತವನ್ನು ಹಿಂದಕ್ಕೆ ತಳ್ಳುತ್ತಾನೆ.

"ಆದರೆ ಅದೇ ನಕ್ಷೆಯಲ್ಲವೆ, ಒಂದಕ್ಷರವೂ ಬೇರೆಯಾಗಿಲ್ಲವಲ್ಲ" ಎಂದು ಕೇಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಅದೇ ಸ್ಕೀಮಾವನ್ನು ಅದೇ ಹೆಸರಿಗೆ ಮತ್ತೆ ಕೊಟ್ಟರೆ ಮೊಂಗೂಸ್ ತಕರಾರು ಮಾಡದು. ಆದರೆ ಫೈಲನ್ನು ಮತ್ತೆ ಓದಿದಾಗ ಸ್ಕೀಮಾ ಮತ್ತೆ ಹೊಸದಾಗಿ ರಚಿತವಾಗುತ್ತದೆ. ಅಕ್ಷರಶಃ ಹಾಗೆಯೇ ಇದ್ದರೂ ಅದು ಇನ್ನೊಂದು ವಸ್ತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ತೂಕದ ಕಲ್ಲುಗಳು ನೋಡಲು ಒಂದೇ ತರಹ ಇದ್ದರೂ ಕಲ್ಲುಗಳು ಎರಡೇ. ಒಂದನ್ನು ತೇಯ್ದರೆ ಇನ್ನೊಂದು ಸವೆಯುವುದಿಲ್ಲ. ಎರಡೂ ಒಳಗೊಳಗೆ ಒಂದೇ ತೆರನಾಗಿವೆಯೆ ಎಂದು ತೂಗಿ ನೋಡುವ ಗೋಜಿಗೆ ಮೊಂಗೂಸ್ ಹೋಗುವುದಿಲ್ಲ. ಬೇರೆ ವಸ್ತುವೆಂದು ಕಂಡೊಡನೆ ತಡೆಯುತ್ತದೆ. ಅದು ಹಾಗೆ ತಡೆಯುವುದೇ ಸರಿಯೆಂದು ಈಗ ನಮಗೆ ತೋರುತ್ತದೆ. ಆಗ್ಗೆ ಹಾಗೆ ತೋರಲಿಲ್ಲ.

ಆಗ್ಗೆ ನಮಗೆ ತೋರಿದ್ದು ಬೇಗ ದೂರನ್ನು ನಿಲ್ಲಿಸಬೇಕೆಂಬುದು. ಹುಡುಕಿದರೆ ಒಂದು ಸಾಲಿನ ಉಪಾಯ ಸುಲಭವಾಗಿಯೇ ಸಿಕ್ಕಿತು. ಮಾಡೆಲನ್ನು ನೋಂದಾಯಿಸುವ ಸಾಲಿನಲ್ಲಿ "ಈ ಹೆಸರಿನ ಮಾಡೆಲ್ ಆಗಲೇ ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಹೊಸದನ್ನು ಮಾಡು" ಎಂದು ಬರೆಯುವುದು. ಜಾವಾಸ್ಕ್ರಿಪ್ಟಿನಲ್ಲಿ "ಅಥವಾ" ಎಂಬುದಕ್ಕೆ ಎರಡು ನಿಂತ ಗೀರುಗಳು; ಆ ಎರಡು ಗೀರುಗಳಿಂದ ಕೆಲಸ ಮುಗಿಯುತ್ತದೆ. ಈ ಉಪಾಯವನ್ನು ಹುಡುಗರಿಗೆ ಹೇಳಿಕೊಟ್ಟವರು ನಾವೇ. ದೂರು ನಿಂತಿತು. 14 ಹಸುರು ಗುರುತುಗಳು ಮರಳಿ ಬಂದುವು. ನಾವು ಕಾಫಿಗೆ ಹೋದೆವು.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಮೂವರಲ್ಲೊಬ್ಬ ವಿದ್ಯಾರ್ಥಿ ಹೊಸ ನಿಯಮವನ್ನು ಸೇರಿಸುತ್ತಿದ್ದ. ಪ್ರಯೋಗದ ಹೆಸರಿಲ್ಲದೆ ಅಂಕವನ್ನು ಉಳಿಸಕೂಡದೆಂಬುದು ಆ ನಿಯಮ. ಸ್ಕೀಮಾದಲ್ಲಿ ಬರೆದ, ಅದಕ್ಕೊಂದು ಪರೀಕ್ಷೆಯನ್ನೂ ಬರೆದ. ಪರೀಕ್ಷೆ ಕೆಂಪಾಗಿಯೇ ಇತ್ತು. ಬರೆದದ್ದನ್ನು ನಾವೂ ಓದಿದೆವು, ತಪ್ಪೇನೂ ಕಾಣಲಿಲ್ಲ. ಅವನು ಸಾಲುಗಳನ್ನು ಹಿಂದೆ ಮುಂದೆ ಮಾಡಿದ, ಅಳಿಸಿ ಮತ್ತೆ ಬರೆದ, ಎರಡು ಗಂಟೆ ಕಳೆದುವು. ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಕಂಪ್ಯೂಟರನ್ನು ಹಚ್ಚಿ ಕಾವಲನ್ನು ಆರಂಭಿಸಿದರೆ ಎಲ್ಲವೂ ಹಸುರು! "ಸಾರ್, ಕರೆಂಟು ಹೋಗಿ ಬಂದಮೇಲೆ ಸರಿಹೋಯಿತು" ಎಂದ. ಎಲ್ಲರೂ ನಕ್ಕೆವು. ವಿದ್ಯುಚ್ಛಕ್ತಿ ಇಲಾಖೆಯವರಿಗೆ ವಂದನೆ ಹೇಳಬೇಕೆಂದು ಒಬ್ಬ ಹಾಸ್ಯ ಮಾಡಿದ. ಭೌತಶಾಸ್ತ್ರದ ಅಧ್ಯಾಪಕರೆನಿಸಿಕೊಂಡ ನಮಗೆ ನಗುವುದಕ್ಕೆ ಹಕ್ಕಿರಲಿಲ್ಲ. ಉಪಕರಣವನ್ನು ಆರಿಸಿ ಹಚ್ಚಿದರೆ ಅಳತೆ ಬದಲಾಗುತ್ತದೆಂದರೆ ಅಳೆಯುತ್ತಿದ್ದದ್ದು ಏನನ್ನು ಎಂದು ಅಂದೇ ಕೇಳಬೇಕಾಗಿತ್ತು. ಕೇಳಲಿಲ್ಲ.

ಎರಡು ವಾರಗಳ ಮೇಲೆ ಇನ್ನೊಬ್ಬಳು ವಿದ್ಯಾರ್ಥಿನಿ ಸ್ಕೀಮಾದ ಫೈಲನ್ನು ಚೊಕ್ಕಟಗೊಳಿಸುತ್ತಿದ್ದಾಗ ಕೈತಪ್ಪಿ ಒಂದು ಸಾಲು ಅಳಿಸಿಹೋಯಿತು. ಅಂಕವು 20ನ್ನು ಮೀರಬಾರದೆಂಬ ಸಾಲು ಅದು. ಆಕೆಯ ಅಜಾಗರೂಕತೆಯೆಂದು ಹೇಳಲಾರೆವು. ಇಂಥ ಕೈತಪ್ಪುಗಳನ್ನು ಹಿಡಿಯುವುದಕ್ಕಾಗಿಯೇ ಪರೀಕ್ಷೆಗಳನ್ನು ಬರೆದಿಟ್ಟಿರುವುದು. ಆಕೆ ಪ್ರತಿಯೊಂದು ಸಲ ಉಳಿಸಿದಾಗಲೂ ತೆರೆಯನ್ನು ನೋಡಿಯೇ ಮುಂದುವರಿದಿದ್ದಳು. ತೆರೆ ಹಸುರಾಗಿಯೇ ಇತ್ತು. ಮರುದಿನ ಬೆಳಗ್ಗೆ ಪ್ರೋಗ್ರಾಮನ್ನು ನಿಜವಾದ ಕೆಲಸಕ್ಕೆ ಓಡಿಸಿ ಅಂಕಗಳನ್ನು ತುಂಬಿಸಿದೆವು. ಒಬ್ಬ ವಿದ್ಯಾರ್ಥಿನಿಗೆ 18 ಎಂದು ಹಾಕಬೇಕಾದಲ್ಲಿ 81 ಎಂದು ಬಿತ್ತು. ಪ್ರೋಗ್ರಾಂ ಅದನ್ನು ಮರುಮಾತಿಲ್ಲದೆ ಉಳಿಸಿಕೊಂಡಿತು. ಪಟ್ಟಿಯನ್ನು ಕಚೇರಿಗೆ ಕಳುಹಿಸುವುದಕ್ಕೆ ಮೊದಲು ಪ್ರಯೋಗಶಾಲೆಯ ಹಿರಿಯ ಪರಿಚಾರಕರು ಕಣ್ಣಾಡಿಸಿ, "ಇಪ್ಪತ್ತಕ್ಕೆ ಎಂಬತ್ತೊಂದು ಹೇಗಾಯಿತು ಸ್ವಾಮಿ?" ಎಂದು ಕೇಳದಿದ್ದರೆ ಅದು ಹಾಗೆಯೇ ಹೋಗುತ್ತಿತ್ತು. 81 ಕಣ್ಣಿಗೆ ಹೊಡೆಯುವ ಸಂಖ್ಯೆ. 18ಕ್ಕೆ ಬದಲು 22 ಎಂದು ಬಿದ್ದಿದ್ದರೆ ಅವರ ಕಣ್ಣಿಗೂ ಬೀಳುತ್ತಿತ್ತೋ ಇಲ್ಲವೋ.

ಅಂದು ಮಧ್ಯಾಹ್ನ ಕೊನೆಗೂ ಪ್ರಯೋಗವನ್ನು ಪ್ರಯೋಗದಂತೆ ಮಾಡಿದೆವು. ವಾಚಕರೂ ಬೇಕಾದರೆ ಮಾಡಿ ನೋಡಬಹುದು. 10 ಅಂಕವನ್ನು ಮಾಡೆಲ್ ಒಪ್ಪಬೇಕೆಂಬ ಪರೀಕ್ಷೆಯೊಂದಿತ್ತು. ಕಾವಲು ನಡೆಯುತ್ತಿರುವಾಗಲೇ ಸ್ಕೀಮಾದಲ್ಲಿ ಗರಿಷ್ಠ 20 ಎಂಬುದನ್ನು ಬೇಕೆಂದೇ 5 ಎಂದು ತಿದ್ದಿದೆವು. ಈಗ 10 ನಿರಾಕೃತವಾಗಬೇಕು, ಪರೀಕ್ಷೆ ಕೆಂಪಾಗಬೇಕು. ಹಸುರಾಗಿಯೇ ಉಳಿಯಿತು. ಕಾವಲನ್ನು ನಿಲ್ಲಿಸಿ ಮತ್ತೆ ಆರಂಭಿಸಿದೆವು: ಕೆಂಪು. ಇನ್ನು ಸಂಶಯವಿರಲಿಲ್ಲ. "ಇದ್ದರೆ ಅದನ್ನೇ ಕೊಡು" ಎಂದು ನಾವೇ ಅಪ್ಪಣೆ ಮಾಡಿದ್ದೆವಷ್ಟೆ? ಮೊಂಗೂಸ್ ವಿಧೇಯವಾಗಿ, ಕಾವಲು ಆರಂಭವಾದ ಕ್ಷಣದಲ್ಲಿ ನೋಂದಾಯಿತವಾದ ಮೊಟ್ಟಮೊದಲ ಮಾಡೆಲನ್ನೇ ಪ್ರತಿ ಸಲವೂ ಕೊಡುತ್ತಿತ್ತು. ನಾವು ಆಮೇಲೆ ತಿದ್ದಿದ ಸ್ಕೀಮಾಗಳನ್ನು ಅದು ಕಣ್ಣೆತ್ತಿಯೂ ನೋಡಿರಲಿಲ್ಲ. ಹೊಸ ನಿಯಮವನ್ನು ಸೇರಿಸಿದ ಹುಡುಗನ ಸರಿಯಾದ ಕೆಲಸ ತಪ್ಪೆನಿಸಿಕೊಂಡಿತು. ಹಳೆಯ ನಿಯಮವನ್ನು ಕಳೆದುಕೊಂಡ ಹುಡುಗಿಯ ತಪ್ಪಾದ ಕೆಲಸ ಸರಿಯೆನಿಸಿಕೊಂಡಿತು. ಒಂದರಿಂದ ಎರಡು ಗಂಟೆಗಳ ನಷ್ಟವಾಯಿತು. ಇನ್ನೊಂದರಿಂದ ಆಗಬಹುದಾಗಿದ್ದ ನಷ್ಟವನ್ನು ಗಂಟೆಗಳಲ್ಲಿ ಹೇಳಲಾಗದು.

ಹೀಗಿರಲಾಗಿ ಆ ಎರಡು ಗೀರುಗಳ ಉಪಾಯವನ್ನು ನಾವು ಪರಿಹಾರವೆಂದು ಕರೆಯಲಾರೆವು. ಪರೀಕ್ಷೆ ಅನುತ್ತೀರ್ಣವಾದರೆ ಬರೆದವನು ಎಚ್ಚರಗೊಳ್ಳುತ್ತಾನೆ. ಪರೀಕ್ಷೆ ನಡೆಯದೆ ನಿಂತರೂ ಎಚ್ಚರಗೊಳ್ಳುತ್ತಾನೆ. ನಡೆದಂತೆ ತೋರಿ, ಇನ್ನಾವುದೋ ಹಳೆಯ ವಸ್ತುವನ್ನು ಪರೀಕ್ಷಿಸಿ, ಉತ್ತೀರ್ಣವೆಂದು ಹೇಳುವ ಪರೀಕ್ಷೆಯಿಂದ ಮಾತ್ರ ಅವನು ಎಚ್ಚರಗೊಳ್ಳುವ ಬಗೆಯಿಲ್ಲ. ಅಳತೆಯ ಸೂಚಿ ಅಂಟಿಕೊಂಡಿರುವ ವೋಲ್ಟ್‌ಮೀಟರಿಗಿಂತ ಮುರಿದುಹೋದ ವೋಲ್ಟ್‌ಮೀಟರೇ ಮೇಲು.

ಅದೂ ಅಲ್ಲದೆ, ಈ ದೂರು ಬರುವುದು ಕಾವಲಿನ ನಿಮಿತ್ತವಾಗಿಯೇ ಎಂದು ತಿಳಿಯಬಾರದು. ಇಬ್ಬರು ಬೇರೆ ಬೇರೆ ಫೈಲುಗಳಲ್ಲಿ ಅರಿಯದೆ ಒಂದೇ ಹೆಸರಿನ ಎರಡು ಮಾಡೆಲ್‌ಗಳನ್ನು ಬರೆದಿದ್ದರೂ ಅದೇ ದೂರು ಬರುತ್ತದೆ. ಅದು ನಿಜವಾದ ತಪ್ಪು, ತೋರಿಸಲೇಬೇಕಾದ ತಪ್ಪು. ಇನ್ನೊಂದು ಕಾರಣ ಹೆಚ್ಚು ಗೂಢವಾದದ್ದು. ಫೈಲಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ದೊಡ್ಡಕ್ಷರದಿಂದಲೂ ಇನ್ನೊಂದು ಕಡೆ ಸಣ್ಣಕ್ಷರದಿಂದಲೂ ಆರಂಭಿಸಿದರೆ, ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನೆಣಿಸದ ಕಂಪ್ಯೂಟರುಗಳಲ್ಲಿ, ವಿಂಡೋಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಹೀಗೆಯೇ, ಎರಡು ಹೆಸರಿಗೂ ಸಿಗುವ ಫೈಲು ಒಂದೇ. ನೋಡ್‌ನ ನೆನಪು ಮಾತ್ರ ಅವನ್ನು ಎರಡು ಫೈಲುಗಳೆಂದೇ ಎಣಿಸಿ ಎರಡು ಸಲ ನಡೆಸುತ್ತದೆ. ಮಾಡೆಲ್ ಎರಡು ಸಲ ನೋಂದಣಿಗೆ ಬಂದು ಗುಮಾಸ್ತ ತಡೆಯುತ್ತಾನೆ. ಇದೇ ಪ್ರೋಗ್ರಾಮನ್ನು ಅಕ್ಷರಭೇದವನ್ನೆಣಿಸುವ ಲಿನಕ್ಸ್ ಯಂತ್ರಕ್ಕೆ ಒಯ್ದರೆ ಆ ಫೈಲು ಸಿಗುವುದೇ ಇಲ್ಲ. ಅಂದಮೇಲೆ ಆ ದೂರು ಮುಂದೆ ಬರಲಿರುವ ಅಪಾಯದ ಮುನ್ಸೂಚನೆಯಾಗಿತ್ತು. ಎರಡು ಗೀರುಗಳನ್ನೆಳೆದವನು ಈ ಮುನ್ಸೂಚನೆಯನ್ನೂ ಕಳೆದುಕೊಳ್ಳುತ್ತಾನೆ. ಒಂದೇ ಹೆಸರಿನ ಎರಡು ಮಾಡೆಲ್‌ಗಳಿದ್ದಾಗಲಂತೂ ಮೊದಲು ಬಂದದ್ದು ಎರಡನೆಯದರ ಜಾಗದಲ್ಲಿ ಸದ್ದಿಲ್ಲದೆ ಕುಳಿತುಬಿಡುತ್ತದೆ.

ಬಲ್ಲವರೂ ಇದನ್ನೇ ಬಳಸುತ್ತಾರಲ್ಲ ಎಂಬ ಆಕ್ಷೇಪಣೆ ಬರಬಹುದು. ನಿಜ. ನೆಕ್ಸ್ಟ್ ಜೆಎಸ್ ಎಂಬ ವೆಬ್ ಚೌಕಟ್ಟಿನ ಜೊತೆಗೆ ಮೊಂಗೂಸನ್ನು ಬಳಸುವವರಲ್ಲಿ ಈ ಸೂತ್ರ ಬಹಳ ರೂಢಿಯಲ್ಲಿದೆ. ಅಲ್ಲಿಯೂ ಬರೆಯುತ್ತಿರುವಾಗಲೇ ಫೈಲುಗಳು ಮರುಲೋಡ್ ಆಗುತ್ತವೆ, ಅಲ್ಲಿಯೂ ಇದೇ ದೂರು. ಪುಟವನ್ನು ಕಣ್ಣಿನಿಂದ ನೋಡುತ್ತ ಕಟ್ಟುವ ಕೆಲಸದಲ್ಲಿ ಈ ಸೂತ್ರವನ್ನು ಕ್ಷಮಿಸಬಹುದು. ಸ್ಕೀಮಾವನ್ನು ತಿದ್ದಿದಾಗ ಸರ್ವರನ್ನು ನಿಲ್ಲಿಸಿ ಆರಂಭಿಸಬೇಕೆಂಬುದನ್ನು ನೆನಪಿಟ್ಟರೆ ಸಾಕು. ಅಡಿಗೆ ಮಾಡುತ್ತ ರುಚಿ ನೋಡುವುದು ಬೇರೆ, ತಕ್ಕಡಿ ಹಿಡಿದು ತೂಗಿ ಕೊಡುವುದು ಬೇರೆ. ಪರೀಕ್ಷೆಯು ತಕ್ಕಡಿಯ ಜಾತಿಗೆ ಸೇರಿದ್ದು. ಅಲ್ಲಿ ಈ ಸಡಿಲಿಕೆ ಸಲ್ಲದು.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ದೃಷ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಅರ್ಹವಾದದ್ದು ಅತ್ಯಂತ ಒರಟಾದ ಉಪಾಯವೇ. ಫೈಲು ಬದಲಾದಾಗಲೆಲ್ಲ ಇಡೀ ಪ್ರೋಗ್ರಾಮನ್ನು ಕೊಂದು ಹೊಸದಾಗಿ ಆರಂಭಿಸುವುದು. ಹಲಗೆಯ ಒಂದು ಮೂಲೆಯನ್ನು ಒರಸುವುದಕ್ಕೆ ಬದಲು ಹಲಗೆಯನ್ನೇ ಒರಸುವುದು. ನೋಡ್‌ಮಾನ್ ಎಂಬ ಸಾಧನಕ್ಕೆ ಕಾವಲಿನ ಕೆಲಸವನ್ನು ಒಪ್ಪಿಸಿ, ಅದು ಪ್ರತಿ ಸಲವೂ ಮೋಕಾವನ್ನು ಹೊಸದಾಗಿ ಕರೆಯುವಂತೆ ಏರ್ಪಡಿಸಬಹುದು. 2022ರಲ್ಲಿ ಹೊರಬಂದ ನೋಡ್‌ನ 18ನೆಯ ಆವೃತ್ತಿಯ ಸಾಲಿನಿಂದೀಚೆಗೆ ಫೈಲು ಬದಲಾದರೆ ಪ್ರೋಗ್ರಾಮನ್ನು ಪುನರಾರಂಭಿಸುವ ಕಾವಲು ನೋಡ್‌ನಲ್ಲಿಯೇ ಅಡಕವಾಗಿದೆ. ಕರೆಂಟು ಹೋಗಿ ಬಂದದ್ದರಿಂದ ಆದ ಉಪಕಾರವನ್ನು ಪ್ರತಿ ಸಲವೂ ನಾವೇ ಬೇಕೆಂದು ಮಾಡಿಕೊಂಡಂತೆ ಇದು.

ಪ್ರೋಗ್ರಾಂ ದೊಡ್ಡದಾಗಿ, ಪುನರಾರಂಭಕ್ಕೆ ಹೊತ್ತು ಹಿಡಿಯುವುದಾದರೆ ಎರಡನೆಯ ಮಾರ್ಗವಿದೆ. ಮೋಕಾದಲ್ಲಿ ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ನಡೆಯತಕ್ಕ ಕೆಲಸಗಳನ್ನು ಬರೆದಿಡಲು ಅವಕಾಶವುಂಟು. ಅಲ್ಲಿ ಮೊಂಗೂಸಿನ ಡಿಲೀಟ್ ಮಾಡೆಲ್ ಎಂಬ ಅಪ್ಪಣೆಯಿಂದ ನೋಂದಾಯಿತ ಮಾಡೆಲ್‌ಗಳನ್ನೆಲ್ಲ ಅಳಿಸಿಬಿಡಬೇಕು. ಪರೀಕ್ಷೆಗಳಲ್ಲಿ ಈ ದೂರು ಬಾರದಂತೆ ಮಾಡಲು ಇದನ್ನು ಬಳಸಬಹುದೆಂದು ಮೊಂಗೂಸನ್ನು ರಚಿಸಿದವರ ಕೈಪಿಡಿಯಲ್ಲಿಯೇ ಹೇಳಿದೆ. ಮುಂದಿನ ಸುತ್ತಿನಲ್ಲಿ ಹೊಸ ಸ್ಕೀಮಾ ಬಂದಾಗ ರಿಜಿಸ್ಟರಿನ ಪುಟ ಬರಿದಾಗಿರುತ್ತದೆ. ನೋಂದಣಿಯೂ ಆಗುತ್ತದೆ, ಪರೀಕ್ಷೆಯೂ ಹೊಸದರ ಮೇಲೆಯೇ ನಡೆಯುತ್ತದೆ. ಒಂದು ಎಚ್ಚರಿಕೆ: ಕಾವಲಿಗೆ ಒಳಪಡದ ಯಾವುದಾದರೂ ಫೈಲು ಹಳೆಯ ಮಾಡೆಲನ್ನು ಮೊದಲೇ ಪಡೆದು ಕೈಯಲ್ಲಿ ಹಿಡಿದುಕೊಂಡಿದ್ದರೆ, ರಿಜಿಸ್ಟರಿನಿಂದ ಅಳಿಸಿದ ಮಾತ್ರಕ್ಕೆ ಅದರ ಕೈಯಿಂದ ಅದು ಜಾರುವುದಿಲ್ಲ. ಆದುದರಿಂದಲೇ ಈ ಮಾರ್ಗಕ್ಕೆ ನಾವು ಎರಡನೆಯ ಸ್ಥಾನವನ್ನು ಕೊಟ್ಟದ್ದು.

ಮೂರನೆಯದು ಕಟ್ಟಡದ ತಳಪಾಯದಲ್ಲಿಯೇ ಮಾಡಬೇಕಾದ ಬದಲಾವಣೆ. ಫೈಲು ಮಾಡೆಲನ್ನು ಹೊರಗೆ ಕೊಡುವುದಕ್ಕೆ ಬದಲು ಸ್ಕೀಮಾವನ್ನು ಮಾತ್ರ ಕೊಡಬೇಕು. ಡೇಟಾಬೇಸಿಗೆ ಹೊಸ ಸಂಪರ್ಕವನ್ನು ಏರ್ಪಡಿಸಿದಾಗಲೆಲ್ಲ ಆ ಸಂಪರ್ಕದ ಮೇಲೆ ಮಾಡೆಲನ್ನು ರಚಿಸಬೇಕು. ಮೊಂಗೂಸಿನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಪ್ರತ್ಯೇಕ ರಿಜಿಸ್ಟರು ಉಂಟಾದ್ದರಿಂದ ಹೊಸ ಸಂಪರ್ಕವೆಂದರೆ ಹೊಸ ಪುಸ್ತಕವೆಂದೇ ಅರ್ಥ. ಹೊಸದಾಗಿ ಬರೆಯತೊಡಗುವವರಿಗೆ ಇದು ಒಳ್ಳೆಯದು. ಬರೆದು ಮುಗಿಸಿದವರಿಗೆ ಬಹಳ ತಿದ್ದುಪಡಿಯ ಕೆಲಸ.

ಈ ತೊಡಕು ಮುಂಗುಸಿಯೊಬ್ಬನದೇ ಅಲ್ಲ. ಪೈಥಾನ್ ಭಾಷೆಯ ಎಸ್‌ಕ್ಯೂಎಲ್ ಆಲ್ಕೆಮಿಯಲ್ಲಿ ಒಂದೇ ಹೆಸರಿನ ಕೋಷ್ಟಕವನ್ನು ಎರಡು ಸಲ ವ್ಯಾಖ್ಯಾನಿಸಿದರೆ ಅದೂ ತಡೆಯುತ್ತದೆ. ಇರುವುದನ್ನೇ ವಿಸ್ತರಿಸಬೇಕೆಂದಿದ್ದರೆ ಹಾಗೆಂದು ಹೇಳು ಎಂದು ದಾರಿಯನ್ನೂ ತೋರಿಸುತ್ತದೆ. ಆ ದಾರಿಯಲ್ಲಿ ಹೊಸ ಅಂಕಣಗಳು ಸೇರಿಕೊಳ್ಳುತ್ತವೆ, ಆದರೆ ನೀವು ತೆಗೆದುಹಾಕಿದ ಹಳೆಯ ಅಂಕಣ ಹೋಗುವುದಿಲ್ಲ. ನಮ್ಮ 20ರ ಕಥೆಯನ್ನು ಕೇಳಿದವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಜಾಂಗೊ ಎಂಬ ಇನ್ನೊಂದು ಚೌಕಟ್ಟಿನವರು ಮಾಡೆಲ್‌ಗಳನ್ನು ಮರುಲೋಡ್ ಮಾಡುವುದು ಉಚಿತವಲ್ಲ, ಅದರಿಂದ ಅಸಂಗತತೆಗಳು ಹುಟ್ಟಬಹುದು ಎಂಬ ಎಚ್ಚರಿಕೆಯ ಸಂದೇಶವನ್ನೇ ಒಳಗೆ ಇಟ್ಟಿದ್ದಾರೆ. ಬರೆಯುವಾಗ ಬಳಸುವ ಜಾಂಗೊವಿನ ಸರ್ವರ್ ಫೈಲು ಬದಲಾದಾಗ ತನ್ನನ್ನೇ ಪೂರ್ತಿಯಾಗಿ ಪುನರಾರಂಭಿಸಿಕೊಳ್ಳುತ್ತದೆ. ಆ ನಡತೆಯೇ ನಮಗೆ ಮೆಚ್ಚಿಕೆಯಾದದ್ದು.

ನಮ್ಮ ಹುಡುಗರಿಗೆ ಇದರಿಂದ ತುಸು ಬೇಸರವಾಗಿದೆಯೆಂಬುದನ್ನು ಮರೆಮಾಚುವುದಿಲ್ಲ. ಮೊದಲು ಉಳಿಸಿದ ಮರುಕ್ಷಣವೇ ಹಸುರು ಕಾಣುತ್ತಿತ್ತು. ಈಗ ಎರಡು ಮೂರು ಸೆಕೆಂಡು ಕಾಯಬೇಕು. ದಿನಕ್ಕೆ ನೂರು ಸಲ ಉಳಿಸಿದರೆ ಎಷ್ಟು ಹೊತ್ತು ವ್ಯರ್ಥವಾಯಿತೆಂದು ಒಬ್ಬ ಲೆಕ್ಕ ಹಾಕಿ ತೋರಿಸಿದ. ಕಬ್ಬಿಣದ ತುಂಡಿನ ಕಾಂತತ್ವವನ್ನು ಕಳೆಯಲು ಹಿಡಿಯುವ ಹೊತ್ತನ್ನೂ ಅದರ ಪಕ್ಕದಲ್ಲಿ ಬರೆಯಲು ಹೇಳಿದೆವು. ಅವನು ಬರೆಯಲಿಲ್ಲ, ನಕ್ಕು ಸುಮ್ಮನಾದ.

ಎರಡು ಗೀರುಗಳ ಸಾಲನ್ನು ಅವರೇ ಅಳಿಸಿದ್ದಾರೆ. ಅಂದು ತುಂಬಿಸಿದ ಅಂಕಗಳನ್ನೆಲ್ಲ ದಾಖಲೆ ಪುಸ್ತಕಗಳೊಡನೆ ಒಂದೊಂದಾಗಿ ತಾಳೆ ನೋಡಿದ್ದೂ ಆಯಿತು. 81ರ ಹೊರತು ಬೇರೆ ತಪ್ಪು ಸಿಗಲಿಲ್ಲ. ಪರೀಕ್ಷೆಗಳು ಈಗ 16. ಹೊಸದಾಗಿ ಸೇರಿದ ಪರೀಕ್ಷೆಯನ್ನು ಆ ಸಾಲನ್ನು ಕಳೆದುಕೊಂಡ ವಿದ್ಯಾರ್ಥಿನಿಯೇ ಬರೆದಳು. ಅದು ಮಾಡೆಲಿಗೆ 81 ಅಂಕವನ್ನು ಕೊಟ್ಟು ನೋಡುತ್ತದೆ. ಮುಂದಿನ ತಿಂಗಳು ಎರಡನೆಯ ವರ್ಷದವರ ಅಂಕಗಳನ್ನು ತುಂಬಿಸಬೇಕಾಗಿದೆ. ಅದಕ್ಕೆ ಮೊದಲು ಕಾವಲನ್ನೂ ಕಂಪ್ಯೂಟರನ್ನೂ ನಿಲ್ಲಿಸಿ, ಮತ್ತೆ ಹಚ್ಚಿ, 16ನ್ನೂ ಒಮ್ಮೆ ಓಡಿಸುವುದೆಂದು ಗೋಡೆಯ ಮೇಲಿನ ಕಾಗದದಲ್ಲಿ ಬರೆದು ಅಂಟಿಸಿದ್ದಾರೆ.